ಬಾಕಿ ಉಳಿದ ಸಾಧು

“ಎತ್ತುತ್ತಿದ್ದೇನೆ,” ಎಂದಳು ಒನ್ ಚೀ, ಪಾತ್ರೆಯಿಂದ ಸೌಟನ್ನು ಮೇಲೆತ್ತುತ್ತಾ. “ಒಯ್ಯುತ್ತಿದ್ದೇನೆ... ಸುರಿಯುತ್ತಿದ್ದೇನೆ.” ಮೀನಿನ ಸಾರು ನಿಧಾನವಾಗಿ ಅಕ್ಕಿ ಶಾವಿಗೆಯ ಮೇಲೆ ಇಳಿಯಿತು. ಬೆಂಚಿನಲ್ಲಿ ಕಾಯುತ್ತಿದ್ದ ಊ ಪೊ ಸಾನ್ ಕತ್ತು ಉದ್ದ ಮಾಡಿ ನೋಡಿದ. ಬಟ್ಟಲು ಇನ್ನೂ ಅರ್ಧ ಖಾಲಿಯಿತ್ತು.

“ತಾಯೀ, ನಾನು ಧ್ಯಾನಕ್ಕೆ ಬಂದಿಲ್ಲ, ಮೊಹಿಂಗಾ ತಿನ್ನೋಕೆ ಬಂದಿದ್ದೀನಿ. ನೀನು ಸುರಿದು ಮುಗಿಸೋದ್ರೊಳಗೆ ನಾನೇ ನಿರ್ವಾಣಕ್ಕೆ ಹೋಗಿಬಿಡ್ತೀನಿ!”

ಬೆಂಚೆಲ್ಲ ನಕ್ಕಿತು. ಒನ್ ಚೀ ನಗಲಿಲ್ಲ. ನೀರ ಹಬ್ಬದಲ್ಲಿ ಮೌಲಮೈನ್ ಊರಿಗೆ ಊರೇ ಬೀದಿಗಿಳಿದು ನೀರೆರಚಿಕೊಂಡು ಕುಣಿಯುತ್ತಿದ್ದಾಗ, ಅವಳು ಧ್ಯಾನಕೇಂದ್ರದಲ್ಲಿ ಕಣ್ಣು ಮುಚ್ಚಿ ಕೂತು ಬಂದಿದ್ದಳು. ಮಾಡುವ ಕೆಲಸಕ್ಕೆ, ಏಳುವ ಭಾವಕ್ಕೆ ಹೆಸರಿಟ್ಟು ಗಮನಿಸು ಎಂದು ಅಲ್ಲಿನ ಭಿಕ್ಷುಗಳು ಕಲಿಸಿದ್ದರು. ಮನಸ್ಸಿನಲ್ಲೇ ಹೇಳಿಕೋ ಎಂದೂ ಹೇಳಿದ್ದರು. ಆದರೆ ಒನ್ ಚೀಗೆ ಹುಟ್ಟಿದಾಗಿನಿಂದ ಏನನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಗೊತ್ತಿರಲಿಲ್ಲ.

ಅವಳನ್ನು ಅಲ್ಲಿಗೆ ಅಟ್ಟಿದ್ದೂ ಆ ಬಾಯಿಯೇ. ಸಾರಿಗೆ ಮೆಣಸು ಹೆಚ್ಚಾದರೂ ಬೈಗುಳ, ಕಡಿಮೆಯಾದರೂ ಬೈಗುಳ. ಅದೂ ಗಿರಾಕಿಗಳ ಎದುರಿಗೆ. ಆ ಬೈಗುಳವನ್ನೆಲ್ಲ ತಿಂದವಳು ಜೊತೆಯಲ್ಲೇ ಅಂಗಡಿ ನಡೆಸುವ ತಂಗಿ ನ್ವೆ ಯಿನ್. ಹಬ್ಬಕ್ಕೆ ಮುಂಚೆ ಅವಳು ತಣ್ಣಗೆ ಹೇಳಿಬಿಟ್ಟಿದ್ದಳು: ಎದುರಿನ ಮೊಹಿಂಗಾ ಅಂಗಡಿಯವರು ಕೆಲಸಕ್ಕೆ ಕರೆಯುತ್ತಿದ್ದಾರೆ, ಹಬ್ಬ ಮುಗಿದು ಬಾಗಿಲು ತೆರೆದ ದಿನ ಸಂಜೆ ಅವರಿಗೆ ನನ್ನ ಉತ್ತರ ಕೊಡುತ್ತೇನೆ. ಆ ದಿನ ಇವತ್ತೇ.

ಬೆಳಿಗ್ಗೆ ಒಲೆ ಹಚ್ಚುವಾಗ ಒನ್ ಚೀ ವಾಡಿಕೆಯಂತೆ ಕೈಮುಗಿದು ತಂಗಿಗೆ, “ನನ್ನ ಧ್ಯಾನದ ಪುಣ್ಯದಲ್ಲಿ ನಿನಗೂ ಪಾಲು ಸೇರಲಿ” ಎಂದಿದ್ದಳು. ಕೇಳಿಸಿಕೊಂಡವರು ‘ಒಳ್ಳೆಯದಾಯಿತು’ ಎಂಬರ್ಥದಲ್ಲಿ ಮೂರು ಸಲ ‘ಸಾಧು’ ಅನ್ನಬೇಕು. ಅಂದರೇನೇ ಪುಣ್ಯ ಈ ಕೈಯಿಂದ ಆ ಕೈಗೆ ದಾಟುವುದು. ನ್ವೆ ಯಿನ್ ಒಂದು ಸಲವೂ ಅನ್ನಲಿಲ್ಲ. “ಪುಣ್ಯ ಆಮೇಲೆ ನೋಡೋಣ, ಮೊದ್ಲು ಈರುಳ್ಳಿ ಹೆಚ್ಚಕ್ಕ” ಎಂದು ಬೆನ್ನು ತಿರುಗಿಸಿದ್ದಳು.

ಈಗ ಗಿರಾಕಿಗಳು ಕಾದು ಕಾದು, ಒಬ್ಬೊಬ್ಬರೇ ರಸ್ತೆ ದಾಟಿ ಎದುರಂಗಡಿಗೆ ಹೋಗತೊಡಗಿದರು.

“ಅಕ್ಕಾ, ಬೇಗ!”

“ಕೇಳಿಸುತ್ತಿದೆ... ಕೇಳಿಸುತ್ತಿದೆ...”

“ಕೇಳಿಸಿದ್ರೆ ಸೌಟು ಆಡ್ಸು ಮಾರಾಯ್ತಿ! ಬಿಡು, ನಾನೇ ಬಡಿಸ್ತೀನಿ.” ನ್ವೆ ಯಿನ್ ಸಾರಿನ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಒಲೆಯ ಇಟ್ಟಿಗೆಯೊಂದು ಜಾರಿತು. ಪಾತ್ರೆ ವಾಲಿ, ಮಗುಚಿ, ದಿನದ ಸಾರೆಲ್ಲ ಹಬೆಯಾಡುತ್ತಾ ಚರಂಡಿಯ ಕಡೆಗೆ ಹರಿಯಿತು.

ಊ ಪೊ ಸಾನ್ ತನಗೆ ಸಿಕ್ಕಿದ್ದ ಬಟ್ಟಲನ್ನು ಎದೆಗೆ ಅವಚಿಕೊಂಡ. ನ್ವೆ ಯಿನ್ ತಲೆ ತಗ್ಗಿಸಿ, ಇನ್ನೇನು ಬೀಳಲಿರುವ ಬೈಗುಳಕ್ಕೆ ಹೆಗಲು ಕುಗ್ಗಿಸಿ ನಿಂತಳು. ಒನ್ ಚೀಯ ಮುಖ ಕೆಂಪಾಯಿತು. ಬಾಯಿ ತೆರೆಯಿತು.

“ಸಿಟ್ಟು!” ಎಂದು ಕೂಗಿದಳು. “ಸಿಟ್ಟು! ಸಿಟ್ಟು! ಸಿಟ್ಟು!” ಎದುರಂಗಡಿಯವರೂ ತಿರುಗಿ ನೋಡಿದರು.

“ಅಕ್ಕಾ... ಅದನ್ನ ಮನಸ್ಸಲ್ಲಿ ಹೇಳ್ಕೋಬೇಕಂತಲ್ಲ?”

“ಮನಸ್ಸಲ್ಲಿ ಜಾಗ ಇಲ್ಲ ಕಣೇ, ಅಷ್ಟೊಂದಿದೆ!” ಒನ್ ಚೀ ಎದೆಯ ಮೇಲೆ ಎರಡೂ ಕೈ ಒತ್ತಿಕೊಂಡಳು. “ಬೈಬೇಕು ಅನ್ನಿಸ್ತಿದೆ. ಬೈಬೇಕು ಅನ್ನಿಸ್ತಿದೆ... ಅನ್ನಿಸ್ತಾ... ಇದೆ...”

ದನಿ ಇಳಿಯುತ್ತಾ ಬಂತು. ಅದರ ಜೊತೆಗೆ ಕಣ್ಣೂ ಇಳಿಯಿತು. ಹಿಂದೆಲ್ಲ ಬೈಯುವಾಗ ಅವಳಿಗೆ ಚೆಲ್ಲಿದ್ದು ಕಾಣುತ್ತಿತ್ತೇ ಹೊರತು ಚೆಲ್ಲಿದವಳು ಕಾಣುತ್ತಿರಲಿಲ್ಲ. ಇವತ್ತು ಕಂಡಳು. ತಂಗಿ ಒಂದೇ ಕಾಲಿನ ಮೇಲೆ ಭಾರ ಹಾಕಿ, ಹಲ್ಲು ಕಚ್ಚಿ ನಿಂತಿದ್ದಳು. ಇನ್ನೊಂದು ಪಾದ ಕೆಂಡದಂತಾಗಿತ್ತು.

“ಅಯ್ಯೋ, ಕಾಲು ಸುಟ್ಕೊಂಡಿದೀಯಲ್ಲೇ! ಹೇಳ್ಬಾರ್ದಾ?”

ಒನ್ ಚೀ ಓಡಿದಳು. ಬಕೆಟ್ಟು ಎಳೆದು ತಂದಳು, ತಂಗಿಯನ್ನು ಹಿಡಿದು ಕೂರಿಸಿದಳು, ಸಾರಿನ ರಾಡಿಯಲ್ಲೇ ಮಂಡಿಯೂರಿ ಅವಳ ಪಾದವನ್ನು ನೀರಿಗಿಳಿಸಿ ಚೊಂಬು ಚೊಂಬು ತಣ್ಣೀರು ಹೊಯ್ದಳು.

“ಎತ್ತುತ್ತಿದ್ದೇನೆ, ಒಯ್ಯುತ್ತಿದ್ದೇನೆ ಎಲ್ಲಾ ಎಲ್ಲಿಗೆ ಹೋಯ್ತು ತಾಯಿ?” ಎಂದ ಊ ಪೊ ಸಾನ್.

“ಸುಮ್ನೆ ತಿನ್ನು ಮಾಮಾ. ಇವತ್ತು ಊಟ ಸಿಕ್ಕಿರೋದು ನಿನಗೊಬ್ಬನಿಗೇ.”

ನ್ವೆ ಯಿನ್ ಬಗ್ಗಿದ ಅಕ್ಕನ ತಲೆಯನ್ನೇ ನೋಡುತ್ತಿದ್ದಳು. ಎಷ್ಟು ಬೈದರೂ ಗಿರಾಕಿಗಳ ಎದುರು ಅಳದಿದ್ದವಳಿಗೆ ಈಗ ಅಳು ತಡೆಯಲಾಗಲಿಲ್ಲ. ಮುಂಗೈಯಿಂದ ಕಣ್ಣೊರೆಸಿಕೊಂಡು ಎರಡೂ ಕೈ ಜೋಡಿಸಿದಳು.

“ಸಾಧು.”

“ಈಗ್ಯಾಕೇ?”

“ಬೆಳಿಗ್ಗೆದು ಬಾಕಿ ಇತ್ತಲ್ಲ. ಸಾಧು.”

ಒನ್ ಚೀ ಚೊಂಬು ಹಿಡಿದುಕೊಂಡೇ ಕಾದಳು. ಮೂರನೆಯದು ಬರಲಿಲ್ಲ.

“ಇನ್ನೊಂದು?”

ನ್ವೆ ಯಿನ್ ಒಮ್ಮೆ ರಸ್ತೆಯಾಚೆಯ ಅಂಗಡಿಯತ್ತ ನೋಡಿದಳು. ಆಮೇಲೆ ಪಾದವನ್ನು ಬಕೆಟ್ಟಿನಲ್ಲಿ ಇನ್ನಷ್ಟು ಒಳಕ್ಕೆ ಇಳಿಸಿದಳು.

“ಅದು ನಾಳೆಗೆ. ಈರುಳ್ಳಿ ಹೆಚ್ಚೋಕೆ ಬರ್ತೀನಲ್ಲ, ಆಗ ಹೇಳ್ತೀನಿ.”