ಮೆಂಟರ್ ಮೇಡಂ ಮಾಡಿದ ಫೋನು

ಮೊದಲ ವರ್ಷದ ಮಕ್ಕಳು ಯಾರೂ ಹಿಂದೆ ಬೀಳಬಾರದೆಂದು ವಿಶ್ವವಿದ್ಯಾಲಯ ಪ್ರತಿಯೊಬ್ಬರಿಗೂ ಒಬ್ಬ ಮೆಂಟರನ್ನು ಕೊಟ್ಟಿತ್ತು. ಈ ಹುಡುಗಿಯ ಪಾಲಿಗೆ ಬಂದ ಮೇಡಂ ತುಂಬ ಒಳ್ಳೆಯವರು.

"ಎರಡು ಟೆಸ್ಟಲ್ಲೂ ಫೇಲಾಗಿದ್ದೀಯಲ್ಲಮ್ಮ. ಕ್ಲಾಸಲ್ಲಿ ನೋಡಿದ್ರೆ ಕಣ್ಣು ಯಾವಾಗ್ಲೂ ಬಾಗಿಲ ಕಡೆಗೇ ಇರುತ್ತೆ. ನಿಮ್ಮನೆಯವರ ಹತ್ರ ಒಂದ್ಸಲ ಮಾತಾಡ್ತೀನಿ."

"ಎಕ್ಸ್‌ಟ್ರಾ ಕ್ಲಾಸಿಗೆ ಬೇಕಾದ್ರೆ ದಿನಾ ಬರ್ತೀನಿ ಮೇಡಂ. ಮನೆಗೆ ಮಾತ್ರ ಫೋನ್ ಮಾಡ್ಬೇಡಿ."

ಮಾರ್ಕ್ಸ್ ಕಡಿಮೆ ಬಂದ ಮಕ್ಕಳೆಲ್ಲ ಆಡುವ ಮಾತು. ಮೇಡಂ ನಕ್ಕು ಕಳಿಸಿದರು. ಅವಳು ಕೊಟ್ಟಿದ್ದ ಮನೆಯ ನಂಬರು ಚಾಲ್ತಿಯಲ್ಲಿರಲಿಲ್ಲ. ಬಿಡದೆ, ಅವಳು ಓದಿದ್ದ ಪಿಯು ಕಾಲೇಜಿನವರನ್ನು ಕೇಳಿ ಸರಿಯಾದ ನಂಬರು ತರಿಸಿಕೊಂಡರು.

"ಬಿಂದುಶ್ರೀ ತಂದೆಯವರಾ? ನಾನು ಯೂನಿವರ್ಸಿಟಿಯಿಂದ, ಅವಳ ಮೆಂಟರ್."

ಆ ಕಡೆ ಕೇಳುತ್ತಿದ್ದ ಟಿವಿಯ ಸದ್ದನ್ನು ಯಾರೋ ತಟ್ಟನೆ ನಿಲ್ಲಿಸಿದರು. ಆಮೇಲೆ ಮೆಲ್ಲನೆಯ ದನಿ ಬಂತು.

"ಹೇಳಿ ಮೇಡಂ."

"ಮಾರ್ಕ್ಸ್ ಸ್ವಲ್ಪ ಕಮ್ಮಿ ಬಂದಿದೆ. ದಯವಿಟ್ಟು ಬೈಬೇಡಿ. ಏನೋ ಹೆದರಿಕೊಂಡಿದಾಳೆ."

"ಛೇ, ಯಾಕೆ ಬೈತೀವಿ? ನಾವೇ ಬಂದು ಮಾತಾಡಿಸ್ತೀವಿ. ಜಾಗ ಸರಿಯಾಗಿ ಹೇಳಿ."

ಮೇಡಂ ಊರು, ಹಾಸ್ಟೆಲ್ಲಿನ ದಾರಿ, ಕೊನೆಗೆ ರೂಮಿನ ನಂಬರನ್ನೂ ಹೇಳಿದರು. ಫೋನ್ ಮಾಡಿದ ಕೂಡಲೇ ಹೊರಟು ಬರುವ ತಂದೆಯರು ಎಷ್ಟು ಮಂದಿ ಇದ್ದಾರೆ ಎಂದುಕೊಂಡರು.

"ನಾವು ಬರೋದು ಅವಳಿಗೆ ಹೇಳ್ಬೇಡಿ ಮೇಡಂ."

"ಖಂಡಿತ ಹೇಳಲ್ಲ."

ಫೋನ್ ಇಡುವ ಮುಂಚೆ ಆತ ಮನೆಯೊಳಗೆ ಯಾರನ್ನೋ ಕೂಗಿದ್ದು ಮೇಡಂಗೆ ಕೇಳಿಸಿತು:

"ಸಿಕ್ಕಿದ್ಲು ಕಣ್ರೋ! ಗಂಡಿನ ಕಡೆಯವರಿಗೆ ಹೇಳಿ, ಗಾಡಿ ತೆಗೀರಿ."