ಚೊಕ್ಕಟ ನೆಲ

ಆಡಿದ ಮಾತೆಲ್ಲ ಮಣಿಗಳಾಗಿ ಉದುರುವ ಊರದು. ಮಣಿ ಹೆಚ್ಚಾದರೆ ಕಾರ್ಖಾನೆಯ ಯಂತ್ರಗಳು ಕಚ್ಚಿಕೊಳ್ಳುತ್ತಿದ್ದವು. ಹಾಗಾಗಿ ಕೆಲಸಗಾರರಿಗೆ ಚುಟುಕಾಗಿ ಮಾತಾಡಲು ಕಲಿಸುವುದು ಶಾಂಭವಿಯ ಕೆಲಸ.

ತಡವಾಗಿದ್ದೇಕೆ ಎಂದು ಹೊಸಬ ಫಕೀರೇಶನನ್ನು ಕೇಳಿದಳು.

"ಮುಂಜಾನಿ ನಮ್ಮವ್ವ ರೊಟ್ಟಿ ಬಡೀತಿದ್ಲುರಿ, ಬೆಕ್ಕ ಬಂದು ಹಾಲಿಗೆ ಬಾಯಿ ಹಾಕ್ತು, ಅದನ್ನ ಓಡಿಸೂದ್ರಾಗ..."

ಅವನ ಕಾಲ ಬುಡದಲ್ಲಿ ಮಣಿಗಳ ರಾಶಿಯೇ ಬಿತ್ತು.

"ಇಷ್ಟೆಲ್ಲ ಬ್ಯಾಡೋ. ಬೇಕಾದಷ್ಟ ಹೇಳು."

"ಬೆಕ್ಕಿನ ಸಲುವಾಗಿ ತಡಾ ಆತ್ರಿ."

ನಾಲ್ಕೇ ಮಣಿ ಉದುರಿದವು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಶಾಂಭವಿ ಆ ರಾಶಿಯನ್ನು ಕಸಕ್ಕೆ ಹಾಕದೆ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅವಳೊಬ್ಬಳೇ ಇರುವ ಮನೆಯ ನೆಲ ಎಷ್ಟೋ ವರ್ಷಗಳಿಂದ ಗುಡಿಸದೆಯೂ ಚೊಕ್ಕಟವಾಗಿತ್ತು. ಮಣಿಗಳನ್ನು ಅಡುಗೆಮನೆಯಲ್ಲಿ ಚೆಲ್ಲಿ, ಬರಿಗಾಲಲ್ಲಿ ನಡೆದಳು. ಅಂಗಾಲಿಗೆ ಚುಚ್ಚಿದವು. ಮನೆ ತುಂಬ ಜನವಿದ್ದು ಈಗಷ್ಟೇ ಎದ್ದು ಹೋದಂತಿತ್ತು.

ಅವಳು ಪೊರಕೆ ಮುಟ್ಟಲಿಲ್ಲ.