ತವರಿನ ಬೋಗುಣಿ

ಗುರುದೇವಿ ಅಟ್ಟದಿಂದ ನೀಲಿ ಪಿಂಗಾಣಿಯ ಅಗಲ ಬೋಗುಣಿಯನ್ನು ಇಳಿಸಿ ಗಂಡನ ಮುಂದಿಟ್ಟಾಗಲೇ ಸೂರ್ಯಕಾಂತನಿಗೆ ಅನುಮಾನ ಶುರುವಾಯಿತು.

“ಇದರ ಬುಡಕ್ಕ ತೂತು ಹೊಡಸ್ರಿ. ನಿಮ್ಮ ಹುಣಸಿ ಗಿಡಕ್ಕ ಭಾಳ ಚಂದ ಒಪ್ತೈತಿ.”

ಅದು ಅವಳ ತವರಿನ ಬೋಗುಣಿ. ತಾಯಿ ಕೊಟ್ಟದ್ದು. ಯುಗಾದಿಯ ಹೂರಣಕ್ಕಲ್ಲದೆ ಅಟ್ಟ ಬಿಟ್ಟು ಇಳಿದದ್ದೇ ಇಲ್ಲ. ಪಕ್ಕದ ಮನೆಗೆ ಒಂದು ಚಮಚ ಕೊಟ್ಟರೂ ಸಂಜೆಯೊಳಗೆ ಹೋಗಿ ಇಸಿದುಕೊಂಡು ಬರುವ ಹೆಂಗಸು ತಾನಾಗಿಯೇ ತೂತು ಹೊಡೆಸಿ ಎನ್ನುತ್ತಿದ್ದಾಳೆ!

ಸೂರ್ಯಕಾಂತ ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್, ಮನೆಯಲ್ಲಿ ಬೋನ್ಸಾಯ್ ಪಂಡಿತ. ಬಾಲ್ಕನಿಯ ಮೊಣಕಾಲೆತ್ತರದ ಹುಣಸೆಮರವನ್ನು ಇಪ್ಪತ್ತೆರಡು ವರ್ಷ ತಂತಿ ಸುತ್ತಿ, ಕತ್ತರಿ ಆಡಿಸಿ ಬೆಳೆಸಿದವನು. “ಇದರ ಒಂದೊಂದು ಎಲಿ ನನಗ ಗುರ್ತೈತಿ” ಎಂದು ಬಂದವರಿಗೆಲ್ಲ ಹೇಳುವವನು. ಪ್ರದರ್ಶನದಲ್ಲಿ ಮಾತ್ರ ಮೂರು ಸಲವೂ ಸಮಾಧಾನಕರ ಬಹುಮಾನ. ಈ ಭಾನುವಾರ ಅಬಿಡ್ಸ್‌ನಲ್ಲಿ ಮತ್ತೆ ಪ್ರದರ್ಶನವಿತ್ತು. ಮೊದಲ ಬಹುಮಾನ ಬಾರದಿದ್ದರೆ ಕತ್ತರಿಯನ್ನೇ ಬಿಸಾಡುತ್ತೇನೆ ಎಂದು ಅವನು ಆಣೆ ಇಟ್ಟುಬಿಟ್ಟಿದ್ದ.

ತೊಂದರೆ ಕುಂಡದ್ದು. ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ. ಒಂದು ತಿಂಗಳು ಕಪ್ಪು ಕನ್ನಡಕ. ಮಣ್ಣು ಮುಟ್ಟಬಾರದೆಂದು ಡಾಕ್ಟರ ಅಪ್ಪಣೆ; ಬಾಲ್ಕನಿಗೂ ಬರಬಾರದೆಂದು ಗುರುದೇವಿಯ ಅಪ್ಪಣೆ. ಗಿಡದ ಸೇವೆಯೆಲ್ಲ ಅವಳದೇ ಆಯಿತು. ಎರಡು ಹೊತ್ತೂ ತಂಬಿಗೆ ತುಂಬ ನೀರು, ಮೇಲಿಷ್ಟು ಮಜ್ಜಿಗೆ.

ಕನ್ನಡಕ ತೆಗೆದಾಗ ಜಗತ್ತೇ ಹೊಸದಾಗಿತ್ತು. ಗೋಡೆಯ ಬಣ್ಣ ಬೇರೆ, ಹೆಂಡತಿಯ ಮೂಗುತಿಯ ಹೊಳಪು ಬೇರೆ. ಹುಣಸೆಮರವಂತೂ ಹತ್ತು ವರ್ಷ ಎಳೆಯದಾದಂತೆ ಕಂಡಿತು. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂದು ಬೀಗಿದ. ಆದರೆ ಅಷ್ಟು ವರ್ಷ ಒಪ್ಪಿದ್ದ ಕಂದು ಕುಂಡ ಈಗ ಯಾಕೋ ಒಪ್ಪಲೊಲ್ಲದು. ಮರ ಅಗಲ, ಕುಂಡ ಕಿರಿದು. ಇಷ್ಟು ದಿನ ಕಣ್ಣಿಗೆ ಪೊರೆ ಕವಿದಿತ್ತು, ಅದಕ್ಕೇ ತಪ್ಪು ಕಂಡಿರಲಿಲ್ಲ ಎಂದು ತೀರ್ಮಾನಿಸಿ ಊರಿನ ನರ್ಸರಿಗಳನ್ನೆಲ್ಲ ಅಲೆದ. ಯಾವ ಕುಂಡವೂ ಸರಿಹೋಗಲಿಲ್ಲ. ಲಿಂಗಂಪಲ್ಲಿಯದೊಂದು ಬಾಕಿ ಇತ್ತು. “ಅಷ್ಟು ದೂರ ಯಾಕ್ರಿ?” ಎಂದವಳೇ ಗುರುದೇವಿ ಅಟ್ಟ ಹತ್ತಿದ್ದಳು.

ಹೆಂಡತಿ ಹೀಗೆ ದಾನಶೂರಳಾಗಲು ಕಾರಣವೇನೆಂದು ಸೂರ್ಯಕಾಂತ ತಲೆ ಕೆರೆದುಕೊಂಡ. ಹೊಳೆಯಿತು. ಅವಳ ತಮ್ಮ ಶರಣಕುಮಾರ! ವಿಜಯಪುರದಿಂದ ತಬಲಾ ಕಲಿಯಲು ಬರುವವನಿದ್ದ. ಬಂದರೆ ಆರು ತಿಂಗಳು ಪಡಸಾಲೆಯಲ್ಲೇ ಧಾ ಧಿನ್ ಧಿನ್.

“ನಿನ್ನ ತಮ್ಮನ್ನ ಇಲ್ಲೇ ಇಟ್ಕೊಬೇಕಂತಿಯೇನು?” ನೇರವಾಗಿಯೇ ಕೇಳಿದ.

“ಅವನ ಮಾತು ಈಗ್ಯಾಕ್ರಿ? ಬೋಗುಣ್ಯಾಗ ಹಚ್ಚಿ ಮನ್ಯಾಗ ಇಡ್ರಿ, ಸಾಕು. ನಾಕು ಮಂದಿ ಮುಂದ ಇಟ್ರ ದೃಷ್ಟಿ ತಾಗ್ತೈತಿ.”

ಕೇಳಲು ನಾಚುತ್ತಿದ್ದಾಳೆ, ಪಾಪ, ಎಂದುಕೊಂಡ.

ಬೋಗುಣಿ ಒಪ್ಪಿತು. ಗಂಡಿಗೆ ತಕ್ಕ ಹೆಣ್ಣು ಸಿಕ್ಕ ಹಾಗೆ. ಭಾನುವಾರ ತೀರ್ಪುಗಾರರು ಎರಡು ಸಲ ಸುತ್ತು ಹಾಕಿ, “ಮರಕ್ಕೆ ತಕ್ಕ ಕುಂಡ” ಎಂದು ಮೊದಲ ಬಹುಮಾನದ ಚೀಟಿ ಅಂಟಿಸಿದರು.

ಸೂರ್ಯಕಾಂತ ಹೆಂಡತಿಗಾಗಿ ಕಣ್ಣಾಡಿಸಿದ. ಅವಳು ತಲೆಯ ಮೇಲೆ ಸೆರಗು ಹೊದ್ದು ಕಂಬದ ಹಿಂದೆ ನಿಂತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಮೇಲೆ ಇಷ್ಟು ಪ್ರೀತಿ ಅವನಿಗೆ ಎಂದೂ ಉಕ್ಕಿರಲಿಲ್ಲ. ತವರಿನ ಬೋಗುಣಿಯನ್ನೇ ಕೊಟ್ಟವಳು!

“ನಿನ್ನ ತಮ್ಮಗ ಬರಾಕ ಹೇಳು. ಆರು ತಿಂಗಳಲ್ಲ, ವರ್ಷ ಇರ್ಲಿ.”

ಗುರುದೇವಿಯ ಕಣ್ಣು ತುಂಬಿತು. “ಮೊದ್ಲು ಮನಿಗೆ ನಡೀರಿ” ಎಂದು ಅವನ ತೋಳು ಹಿಡಿದು ಎಳೆದಳು.

ಅಷ್ಟರಲ್ಲಿ ಲಿಂಗಂಪಲ್ಲಿಯ ನರ್ಸರಿಯವನು ಜನರನ್ನು ಸರಿಸಿಕೊಂಡು ಬಂದ. ಜಹೀರಾಬಾದ್ ಕಡೆಯವನು, ಕನ್ನಡ ಬಲ್ಲವನು. ಅಭಿನಂದನೆಗೆಂದು ಸೂರ್ಯಕಾಂತ ಕೈ ಚಾಚಿದ. ಬಂದವನು ಅದನ್ನು ದಾಟಿ ಗುರುದೇವಿಗೆ ಕೈಮುಗಿದ.

“ಅಕ್ಕಾರ, ಹೋದ ವರ್ಷ ಯಜಮಾನ್ರು ಕಪ್ಪು ಚಸ್ಮಾ ತೆಗಿಯೂದ್ರೊಳಗ ಬೇಕಂತ ನಮ್ಮಲ್ಲಿಂದ ಒಯ್ದ ಹುಣಸಿ ಗಿಡ ಇದ ಅಲ್ಲೇನ್ರಿ? ಅಂದಂಗ, ಅವರಿಗೆ ಈಗರ ಕಣ್ಣು ಚಲೋ ಕಾಣ್ತಾವೇನ್ರಿ?”